ಅಜ್ಜನ ಜೀಪಿನ ಹಾರ್ನ್ ವೈರ್

ಆಹಾ, ಸುಟ್ಟ ವೈರಿನ ಆ ವಾಸನೆ! ಇಂದು ಬೆಳಿಗ್ಗೆ ದಾಂಡೇಲಿಯ ನಮ್ಮ ಅಂಗಳದಲ್ಲಿ ಮೆಕ್ಯಾನಿಕ್ ಒಬ್ಬ ಅಜ್ಜನ ಹಳೇ ಜೀಪಿನ ವೈರಿಂಗ್ ಬಿಚ್ಚುತ್ತಿದ್ದಂತೆ ಅದು ಮೂಗಿಗೆ ಬಡಿಯಿತು. ಕಣ್ಣ ಮುಂದಿನ ಪರದೆ ಸರ್ರನೆ ಮೇಲೆದ್ದಿತು!

ಅಜ್ಜ ಸಂಜೆ ಪಕ್ಕದ ಊರು ಕೋಗಿಲಬನದಿಂದ ಜೀಪಿನಲ್ಲಿ ಬರುವಾಗ ತಿರುವಿನಲ್ಲೇ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಅದನ್ನು ಕೇಳಿದ ಮೇಲೆಯೇ ಅಜ್ಜಿ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಅಜ್ಜ ತೀರಿಕೊಂಡ ಮೇಲೆ ಒಂದು ದಿನ ಅಪ್ಪ, ಇಲಿ ಕಡಿದು ಸುಟ್ಟ ಹಳೇ ವೈರುಗಳನ್ನೆಲ್ಲ ಕಿತ್ತು ಹೊಸದು ಹಾಕಲು ಕೂತ.

“ಹಾರ್ನಿನ ವೈರ್ ಒಂದು ಬಿಡೋ. ಅವರು ಬಂದದ್ದು ನನಗ ಹೆಂಗ ತಿಳೀಬೇಕು?” ಎಂದಳು ಅಜ್ಜಿ.

“ಹೋದವರು ಹಾರ್ನ್ ಹೊಡೀತಾರೇನಬೇ ಯವ್ವಾ?” ಅಪ್ಪ ನಗುತ್ತಲೇ ಅದನ್ನೂ ಕತ್ತರಿಸಿದ.

ಜೀಪಿನಿಂದ ಬಿಚ್ಚಿಟ್ಟ ಬ್ಯಾಟರಿ ಪಡಸಾಲೆಯ ಗೋಣಿಚೀಲದ ಮೇಲಿತ್ತು. ಆದರೂ, ಕೇಳಿ ಮಹನೀಯರೇ, ಹಾರ್ನ್ ಕೂಗಿತು! ಎರಡು ಸಲ! ಅಪ್ಪನ ಕೈಯಿಂದ ಕತ್ತರಿ ಜಾರಿತು. ಅಜ್ಜಿ ಹೊರಬಂದು, ಖಾಲಿ ಡ್ರೈವರ್ ಸೀಟಿನ ಕಡೆ ನೋಡಿ, “ಕೈಕಾಲು ತೊಳ್ಕೊಂಡು ಬರ್ರಿ, ರೊಟ್ಟಿ ಬಡೀತೇನಿ” ಎಂದಳು. ಅಪ್ಪ ಆ ಹಳೇ ವೈರನ್ನು ಮತ್ತೆ ಜೋಡಿಸಿ ಟೇಪು ಸುತ್ತಿದ.

ಇಂದು ಮೆಕ್ಯಾನಿಕ್ ಅದೇ ಟೇಪನ್ನು ಹಿಡಿದು, “ಸರ, ಈ ಹಾರ್ನಿನ ವೈರ್ ಭಾಳ ಹಳೇದೈತ್ರಿ. ಕಿತ್ತಲೇನ್ರಿ?” ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಅಜ್ಜಿ ಹೋದ ಮೇಲೆ ನಮ್ಮಲ್ಲಿ ರೊಟ್ಟಿ ಅಂಗಡಿಯಿಂದಲೇ ಬರುತ್ತದೆ. ಒಳಗೆ ಯಾರೂ ಇರಲಿಲ್ಲ.

“ಬ್ಯಾಡಪಾ,” ಎಂದೆ. “ಅದನ್ನ ಮುಟ್ಟಬ್ಯಾಡ.”