ಕುಡಗೋಲಿನವನ ಬಗ್ಗೆ ಹೆಂಗಸರು ಹೇಳಿದ್ದು

ಅಕ್ಕನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ಗುಲಾಬಿ ಬಣ್ಣಕ್ಕಿರುತ್ತಿದ್ದವು. ಹೆಂಗಸರ ಟಿಕೀಟು ಗುಲಾಬಿ ಕಾಗದದ್ದು. ಬೆವರಿಗೆ ಅದರ ಬಣ್ಣ ಬಿಟ್ಟು ಬೆರಳಿಗೆ ಹತ್ತುತ್ತಿತ್ತು. ಸಾಬೂನು ಹಚ್ಚಿ ತಿಕ್ಕಿದರೂ ಹೋಗದು. ಆಕೆ ಬಡಿದ ರೊಟ್ಟಿಯ ಅಂಚಿನಲ್ಲಿ ಒಮ್ಮೊಮ್ಮೆ ಆ ಬಣ್ಣದ ಗುರುತು ನಾನೇ ಕಂಡಿದ್ದೇನೆ.

ಕೆಂಭಾವಿಯ ತಗಡಿನ ಟಾಕೀಸಿನಲ್ಲಿ ಹೆಂಗಸರ ಬಾಗಿಲು ಕಾಯುವ ಕೆಲಸ ಆಕೆಯದು. ಊರಿಗೆಲ್ಲ ಆಕೆ ಅಕ್ಕ. ನಿಮ್ಮ ಅಜ್ಜ ತೀರಿಕೊಂಡ ಮೇಲೆ, ಎರಡು ವರ್ಷದ ಕೂಸಾಗಿದ್ದ ನಿಮ್ಮ ಅಪ್ಪನನ್ನು ಎತ್ತಿಕೊಂಡು ನಾನು ಅಲ್ಲಿ ನಮ್ಮ ಅಣ್ಣನ ಮನೆಗೆ ಬಂದಿದ್ದೆ. ಅಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆಗ ನಾನು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ನೀರಿಗೆ ಹೋಗುವುದು ಕೂಡ ಉಳಿದವರೆಲ್ಲ ತುಂಬಿಕೊಂಡು ಹೋದ ಮೇಲೆಯೇ.

ಅದು ನಮ್ಮ ಕಡೆ ಕಾಲುವೆ ನೀರು ಬಂದ ಹೊಸತು. ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಭತ್ತದ ನಾಟಿ ಶುರುವಾಗಿ, ಹೆಂಗಸರಿಗೆ ಬಿಡುವಿಲ್ಲದಷ್ಟು ಕೆಲಸ ಸಿಕ್ಕಿತ್ತು. ಸಂತೆಯ ದಿನ ಅವರು ಉಪ್ಪು, ಒಣಮೀನು, ಬಳೆ ಎಲ್ಲ ಕೊಂಡು, ಚೀಲದ ಸಮೇತ ಮಧ್ಯಾಹ್ನದ ಆಟಕ್ಕೆ ಬರುತ್ತಿದ್ದರು. ಅದು ಹೆಂಗಸರಿಗೇ ಮೀಸಲಿದ್ದ ಆಟ.

ಅಕ್ಕ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ. ಬಾಗಿಲ ಕಡೆ ಮುಖ, ಪರದೆಯ ಕಡೆ ಬೆನ್ನು. ಅದಕ್ಕೇ ಇರಬೇಕು, ಆಟ ಬಿಟ್ಟಾಗ ಹೊರಬರುವ ಒಬ್ಬೊಬ್ಬರನ್ನೂ ಹಿಡಿದು ನಿಲ್ಲಿಸಿ, "ಏನ್ ಕಂಡೀಯವ್ವಾ?" ಎಂದು ಕೇಳುತ್ತಿದ್ದಳು. ಚಲೋ ಇತ್ತು ಎಂದರೆ ಬಿಡುತ್ತಿರಲಿಲ್ಲ. "ಚಲೋ ಅಂದ್ರೇನು? ಹುಗ್ಗಿ ಉಂಡು ಬಂದಿಯೇನು? ಕಂಡಿದ್ದು ಹೇಳು."

ಒಂದು ಸಲ ಹೆದರಿಕೆಯ ಸಿನಿಮಾ ಬಂತು. ಮುಖಕ್ಕೆ ಗೋಣಿಚೀಲ ಕಟ್ಟಿಕೊಂಡ ಒಬ್ಬಾತ ಕುಡಗೋಲು ಹಿಡಿದು ಒಬ್ಬೊಬ್ಬರನ್ನೇ ಕೊಯ್ಯುವ ಕತೆ. 'ಎರಡನೇ ಭಾಗ' ಎಂದು ಗೋಡೆಗೆ ಅಂಟಿಸಿದ ಚಿತ್ರದಲ್ಲಿ ಬರೆದಿತ್ತು. ಮೊದಲನೇ ಭಾಗ ನಮ್ಮೂರಿಗೆ ಬಂದೇ ಇರಲಿಲ್ಲ.

ಮೊದಲ ಸಂತೆಯ ದಿನವೇ ಹೆಂಗಸರು ಅರ್ಧಕ್ಕೆ ಎದ್ದು ಹೋದರು. ಟಾಕೀಸಿನ ಸಾವಕಾರರಿಗೆ ಸಿಟ್ಟು ಬಂತು. "ಮುಂದಿನ ಸಂತಿಗೂ ಹಿಂಗ ಆದ್ರ ಈ ಆಟ ಗಂಡಸರಿಗೇ ಬಿಡ್ತೀನಿ. ನಿನ್ನ ಕೆಲಸಾನೂ ಮುಗೀತು ನೋಡು," ಎಂದರು.

"ಯಾಕ ಎದ್ದು ಹೋದ್ರು ಅಂತ ಕೇಳದ ಹ್ಯಾಂಗ ಬಿಡ್ತೀರಿ ಸಾವಕಾರ್ರ?" ಎಂದಳಂತೆ ಅಕ್ಕ. "ಎಲ್ಲಾರನ್ನೂ ಕೇಳಿ ಬರಸ್ಕೊಂಡು ಬರ್ತೀನಿ. ಆಮ್ಯಾಲ ಮಾತಾಡ್ರಿ."

ಆಕೆಗೆ ಅಕ್ಷರ ಬರದು. ನಾನು ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಎರಡನೇ ಸಂತೆಯ ದಿನ ನನ್ನನ್ನು ಬಾಗಿಲ ಹಿಂದೆ ಒಂದು ಸ್ಟೂಲಿನ ಮೇಲೆ ಕೂಡಿಸಿ, ಕೈಗೊಂದು ಹಳೆಯ ವಹಿ ಕೊಟ್ಟಳು. ಆಕೆ ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು, ನಾನು ಸೆರಗು ಮುಂದೆಳೆದುಕೊಂಡು ಬರೆಯುತ್ತಿದ್ದೆ.

ಸಂಜೆ ಆಕೆಯ ಒಲೆಯ ಮುಂದೆ ಕುಳಿತು ಓದಿದೆ. "ಚಿತ್ರ ಚೆನ್ನಾಗಿದೆ. ಚಿತ್ರ ಬಹಳ ಚೆನ್ನಾಗಿದೆ. ಚಿತ್ರ ನೋಡಿ ಸಂತೋಷವಾಯಿತು."

ಅಕ್ಕನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. "ಇದು ಯಾರು ಅಂದದ್ದು?"

ನಾನು ವಹಿ ಮುಚ್ಚಿದೆ.

"ಬಾಯಿ ಬಿಡ ತಂಗಿ. ಯಾರು ಅಂದದ್ದು?"

"ಯಾರೂ ಅಂದಿಲ್ಲಕ್ಕ. ನಿನ್ನ ಕೆಲಸ ಹೋಗ್ತದಂತ ನಾನೇ..."

"ಕೆಲಸ ನಂದು. ಮಾತು ಅವರದು. ನನ್ನ ಕೆಲಸಕ್ಕಂತ ಅವರ ಮಾತು ಕೊಯ್ಯಾಕ ನೀ ಯಾರು? ಆ ಚೀಲದ ಮಾರಿಯವಗೂ ನಿನಗೂ ಏನು ಫರಕು?"

ಅತ್ತುಬಿಟ್ಟೆ. ಆಕೆ ಸಮಾಧಾನ ಮಾಡಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, "ಅತ್ತಾದ ಮ್ಯಾಲ ಹೊಸಾ ಹಾಳಿ ತಗಿ," ಎಂದಳು.

ಬರೆಯತೊಡಗಿದಾಗ ನನಗೇ ಆಶ್ಚರ್ಯ. ಒಂದು ಮಾತೂ ಮರೆತಿರಲಿಲ್ಲ. ಕೊಯ್ಲಿಗೆ ಹೋಗುವ ಮುದುಕಿ ಅಂದದ್ದು: "ಅವಗ ಕುಡಗೋಲು ಹಿಡಿಯಾಕೇ ಬರಂಗಿಲ್ಲ. ಬಾಯಿ ಹೊರಗ ಮಾಡಿ ಹಿಡದಾನ. ಹಂಗ ಹಿಡದ್ರ ಒಂದು ಸಿವುಡು ಜ್ವಾಳಾನೂ ಬರಂಗಿಲ್ಲ, ಮಂದಿ ಹ್ಯಾಂಗ ಸಾಯ್ತಾರ?" ಬಳೆ ಮಾರುವಾಕೆ ಅಂದದ್ದು: "ಮೊದ್ಲು ಸತ್ತಾಕಿ ಆಮ್ಯಾಲ ಹಾಡಿನ್ಯಾಗ ಹಿಂದ ನಿಂತು ಕುಣೀತಾಳ. ಬಳಿ ನೋಡಿ ಗುರ್ತ ಹಿಡದೆ." ಕುರಿ ಕೊಯ್ಯುವವರ ಮನೆಯಾಕೆ, ರಕ್ತ ಅಷ್ಟು ಹೊತ್ತು ಕೆಂಪಾಗಿರುವುದಿಲ್ಲ, ಅದು ಬಣ್ಣದ ನೀರು ಎಂದಿದ್ದಳು. ಹೊಸ ಸೊಸೆಯೊಬ್ಬಳು, "ಅವಗೇನು ಅಂಜೂದು, ಮುಂದಿನ ಬೆಂಚಿನ್ಯಾಗ ನಮ್ಮತ್ತಿ ಕುಂತಿದ್ಲು," ಎಂದು ನಕ್ಕಿದ್ದಳು. ಇನ್ನೊಬ್ಬಳು ಎರಡನೇ ಸಲ ಬಂದವಳು: "ಈ ವಾರನಾರ ನೆಟ್ಟಗ ಹಿಡೀತಾನೇನೋ ಅಂತ ನೋಡಾಕ ಬಂದೆ."

ಆ ದಿನವೂ ಅರ್ಧಕ್ಕೆ ಎದ್ದು ಹೋದವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ. ಈ ಸಿನಿಮಾ ಉಳಿದವುಗಳಿಗಿಂತ ಉದ್ದ, ಸುರಪುರದ ಬಸ್ಸು ನಾಲ್ಕಕ್ಕೆ ಹೊರಡುತ್ತದೆ, ಅದು ತಪ್ಪಿದರೆ ನಡೆಯಬೇಕು.

"ಆ ಹಸಿರು ಸೀರಿಯಾಕಿದು?" ಎಂದು ಅಕ್ಕ ಕೇಳಿದಳು.

ಅದನ್ನು ನಾನು ಬರೆದಿರಲಿಲ್ಲ. ಆ ಹೆಂಗಸು ಮೆಲ್ಲಗೆ, ನೆಲ ನೋಡುತ್ತ ಹೇಳಿದ್ದಳು: "ಅವ ಬಾಗಿಲಾ ಬಡಿಯೋದು, ನಮ್ಮ ಮನಿಯಾವ ಕುಡದು ಬಂದು ಬಡದಂಗೇ ಇತ್ತಕ್ಕ."

"ಬರಿ," ಎಂದಳು ಅಕ್ಕ. ಒಲೆಗೆ ಒಂದು ಕಟ್ಟಿಗೆ ತುರುಕಿ, "ಸಾವಕಾರ್ರ ಮುಂದ ಓದಬ್ಯಾಡ. ಅದು ಆಕಿ ನಮಗ ಹೇಳಿದ್ದು. ಆದ್ರ ಬರಿ," ಎಂದಳು.

ಮರುದಿನ ಬೆಳಿಗ್ಗೆ ಸಾವಕಾರರ ಮುಂದೆ ನಿಂತು ಓದಬೇಕಾಯಿತು. ಗಂಡಸರ ಎದುರು ನಾನು ದನಿ ತೆಗೆದದ್ದು ಅದೇ ಮೊದಲು. ಮೊದಲ ಸಾಲು ಪಿಸುಗುಟ್ಟಿದೆ. ಅಕ್ಕ ಹಿಂದಿನಿಂದ ತಿವಿದು, "ಜೋರಾಗಿ ಓದ. ಅವರಿಗೆ ಹೆಂಗಸರ ಮಾತು ಸಣ್ಣಾಗಿ ಕೇಳ್ತದ," ಎಂದಳು. ಕುಡಗೋಲಿನ ಮಾತಿಗೆ ಸಾವಕಾರರ ಕೈಯ ಚಹಾ ತುಳುಕಿತು, ಅಷ್ಟು ನಕ್ಕರು. ಬಸ್ಸಿನ ಮಾತು ಬಂದಾಗ ನಗು ನಿಂತಿತು. "ಇಷ್ಟಾ? ಬಸ್ಸಿನ ಸಲುವಾಗಿ ಎದ್ದು ಹೋದ್ರಾ?"

"ಹೌದ್ರಿ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ," ಎಂದಳು ಅಕ್ಕ.

ಮುಂದಿನ ಸಂತೆಯಿಂದ ಆಟ ಒಂದು ತಾಸು ಮೊದಲೇ ಶುರುವಾಯಿತು. ಆ ಟಾಕೀಸು ಮುಚ್ಚುವವರೆಗೂ ಹೆಂಗಸರ ಆಟ ಉಳಿಯಿತು. ವಹಿ ಹಿಡಿದು ಬಾಗಿಲ ಹಿಂದೆ ಕೂಡುವ ನನ್ನ ಕೆಲಸವೂ ಉಳಿಯಿತು. ಒಂದೇ ಪರದೆಯಲ್ಲಿ ಇವರೆಲ್ಲ ಏನೇನು ಕಾಣುತ್ತಾರಲ್ಲ ಎಂದು ಸಂತೆಯ ದಿನಕ್ಕೆ ಕಾಯುತ್ತಿದ್ದೆ.

ಅಕ್ಕ ತೀರಿಕೊಂಡದ್ದು ಶಹಾಪುರದಲ್ಲಿ, ಮಗಳ ಮನೆಯಲ್ಲಿ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣು ಕೊಡುವುದು ಮುಗಿದಿತ್ತು. ಪಡಸಾಲೆಯ ತುಂಬ ಜನ. ಹಿರಿಯರೊಬ್ಬರು, "ಭಾಳ ಶಾಂತ ಸ್ವಭಾವ. ಯಾರಿಗೂ ಒಂದು ಮಾತು ಅಂದಾಕಿ ಅಲ್ಲ," ಎಂದರು. ಉಳಿದವರು ತಲೆಯಾಡಿಸಿದರು. ಮಗಳು ಗೋಡೆಗೊರಗಿ ಒಣಗಣ್ಣಿನಲ್ಲಿ ಕುಳಿತಿದ್ದಳು.

ನನ್ನ ಬಾಯಿ ತಾನೇ ತೆರೆಯಿತು. "ಇಲ್ರಿ. ಭಾಳ ಬೈಯಾಕಿ ಇದ್ಲು. ನಾ ಅಳೂ ಹಂಗ ಬೈದಾಳ. ಸಾವಕಾರ್ರಿಗೂ ಬಿಟ್ಟಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಮಗಳು ನನ್ನ ಮುಖವನ್ನೇ ನೋಡಿದಳು. ಮೊದಲು ನಗು ಬಂತು ಆಕೆಗೆ, ಅದರ ಹಿಂದೆಯೇ ಅಳು. ಸರಿದು ಬಂದು ನನ್ನ ಮೊಣಕಾಲು ಹಿಡಿದು, "ಹೌದ ಚಿಗವ್ವ, ಹಂಗೇ ಇದ್ಲು ನಮ್ಮವ್ವ. ಇನ್ನಷ್ಟು ಹೇಳಬೇ," ಎಂದಳು.

ಹೇಳಿದೆ. ಅಷ್ಟು ಜನರ ಮುಂದೆ, ಅಕ್ಕ ಅಂದದ್ದನ್ನೆಲ್ಲ ಅಂದ ಹಾಗೆಯೇ ಹೇಳಿದೆ.