ಅಣ್ಣನ ಬಾಡಿಗೆ ಮೂಗು

ಅಣ್ಣ ಕೇಳಿದಾಗ ನಾನು ನಿಜ ಹೇಳಲಿಲ್ಲ.

ಸಿರುಗುಪ್ಪದಲ್ಲಿ ಹಳೆಯ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಅಣ್ಣ, ಪೆಟ್ರೋಲ್ ಎಲ್ಲಿ ಸೋರುತ್ತಿದೆ ಎಂದು ಕಣ್ಣು ಮುಚ್ಚಿ ಮೂಸಿಯೇ ಹೇಳುತ್ತಿದ್ದ. "ವಾಸನಿ ಸುಳ್ಳು ಹೇಳಂಗಿಲ್ಲ" ಎನ್ನುತ್ತಿದ್ದ. ಒಮ್ಮೆ ಜ್ವರ ಬಂದು ಹೋದ ಮೇಲೆ ಆ ಮೂಗಿಗೆ ಏನೂ ತಿಳಿಯದಾಯಿತು. ಆಮೇಲೆ ಸೋರಿಕೆ ಕಾಣಲೆಂದು ಪೈಪಿನ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಅದು ಮೆಲ್ಲಗೆ ಒದ್ದೆಯಾಗುವುದನ್ನು ಕನಸು ಕಾಣುವವನಂತೆ ನೋಡುತ್ತ ಕೂರುತ್ತಿದ್ದ. ರಿಪೇರಿ ಮುಗಿದ ಮೇಲೆ ಕೊನೆಯ ಮಾತು ನನ್ನದು. "ಬಾರಲೇ, ನನ್ನ ಬಾಡಿಗಿ ಮೂಗು! ವಾಸನಿ ಐತೇನು?"

ಅವತ್ತು ಅಣ್ಣ ಹೊಸ ಪೈಪು ಹಾಕಿ ಕರೆದಾಗ ವಾಸನೆ ಇತ್ತು. ಇದೆ ಎಂದರೆ ಟ್ಯಾಂಕು ಮತ್ತೆ ಬಿಚ್ಚಬೇಕು, ನನಗೋ ಹಸಿವು. "ಇಲ್ಲಣ್ಣ" ಎಂದೆ. ಅವನು ಕಿಕ್ ಹೊಡೆದ, ಬೆಂಕಿ ಹತ್ತಿತು. ಹಸಿ ಗೋಣಿಚೀಲ ಒತ್ತಿ ಆರಿಸುವಷ್ಟರಲ್ಲಿ ಅವನ ಅಂಗೈ ಸುಟ್ಟಿತ್ತು.

ಕೇಳಿದವರಿಗೆಲ್ಲ "ನಾನೇ ಸರಿ ನೋಡ್ಲಿಲ್ಲರಿ" ಎಂದ. ನಾನು ಪಕ್ಕದಲ್ಲೇ ಕೂತು ಆ ಅಂಗೈಗೆ ಮುಲಾಮು ಹಚ್ಚುತ್ತಿದ್ದೆ.

ಮೊನ್ನೆ ಬೆಳಗಿನ ಮಂಜಿನಲ್ಲಿ, ಹತ್ತಿರದ ಕರೂರಿನ ಗದ್ದೆಗಳ ನಡುವೆ ನಮ್ಮ ಸ್ಕೂಟರ್ ಕೆಟ್ಟು ನಿಂತಿತು. ಅಣ್ಣ ಸುಕ್ಕುಗಟ್ಟಿದ ಆ ಅಂಗೈಯಲ್ಲಿ ಪೈಪು ಸವರಿ ಕೇಳಿದ, "ವಾಸನಿ ಐತೇನಲೇ?"

"ಐತಣ್ಣ. ಅವತ್ತೂ ಇತ್ತು. ಹೊಟ್ಟಿ ಹಸದಿತ್ತು ಅಂತ ಸುಳ್ಳು ಹೇಳಿದ್ನಿ. ತಪ್ಪಾತಣ್ಣ."