ಮೊಸರು ಹಚ್ಚಿದ ಕಲ್ಲುಗುಂಡು

ಟಕ್, ಟಕ್, ಟಕ್, ಆಮೇಲೊಂದು ಸೀನು. ಈ ಸದ್ದು ಕೇಳಿದರೆ ಡಾರ್ಕಸ್ ಕಲ್ಲು ಕೆತ್ತುತ್ತಿದ್ದಾಳೆಂದು ನಮ್ಮ ಓಣಿಗೆಲ್ಲ ಗೊತ್ತು. ಕಲ್ಲಿನ ಪುಡಿ ಮೂಗಿಗೆ ಆಗದ ಕಲ್ಲುಕೆಲಸದವಳು ಇಡೀ ಯಾರ್ಕ್‌ಷೈರಿನಲ್ಲಿ ಇವಳೊಬ್ಬಳೇ ಇರಬೇಕು.

ಅವಳಿಗೀಗ ಅರವತ್ಮೂರು. ನಲವತ್ತು ವರ್ಷ ಚರ್ಚಿನ ಅಂಗಳದ ಗೋಡೆ ಕಟ್ಟಿದಳು, ಬಿದ್ದಲ್ಲಿ ಮತ್ತೆ ಕಟ್ಟಿದಳು. ಚಪ್ಪಟೆ ಕಲ್ಲಿನ ಮೇಲೆ ಚಪ್ಪಟೆ ಕಲ್ಲು. ದುಂಡಗಿನ ಕೆಲಸ ಹುಡುಗಿಯರ ಕೈಗೆ ಬಗ್ಗದು ಎಂದಿದ್ದ ಅವಳಪ್ಪ. ಹಾಗಾಗಿ, ಜನವರಿಯ ಗಾಳಿಗೆ ಗೇಟಿನ ಎಡಗಂಬದ ಮೇಲಿನ ಕಲ್ಲುಗುಂಡು ಉರುಳಿ ಎರಡು ಹೋಳಾದಾಗ ಊರೆಲ್ಲ ಮರುಗಿತು, ಡಾರ್ಕಸ್ ಮಾತ್ರ ಸಿಳ್ಳೆ ಹಾಕುತ್ತ ಉಳಿ ಹುಡುಕಲು ಹೋದಳು.

ಏಪ್ರಿಲ್‌ನಲ್ಲಿ ಅವಳು ಕೆತ್ತಿದ ಹೊಸ ಗುಂಡು ಕಂಬವೇರಿತು. ಸುಲಿದ ಮೊಟ್ಟೆಯಷ್ಟು ಬೆಳ್ಳಗೆ. ಬಲಗಂಬದ್ದೋ ಮುನ್ನೂರು ವರ್ಷದ, ಪಾಚಿಯಂಥ ಕಲ್ಲುಹೂ ಹೊದ್ದು ಕೂತ ಬೂದು ಮುದುಕ.

"ಜೋಡಿ ಹೊಂದಲ್ಲ ಕಣೇ," ಎಂದ ಚರ್ಚು ನೋಡಿಕೊಳ್ಳುವ ಎನೋಕ್. "ಶುಕ್ರವಾರ ಬಿಷಪ್ಪರ ಕಚೇರಿಯಿಂದ ಬರ್ತಾರೆ. ಒಪ್ಪಲಿಲ್ಲ ಅಂದ್ರೆ ಎರಡನ್ನೂ ಇಳಿಸಿಬಿಡ್ತಾರೆ."

"ಮೊಸರು ಹಚ್ತೀನಿ. ಕಲ್ಲುಹೂ ಬರುತ್ತೆ."

"ಅದಕ್ಕೆ ಎರಡು ವರ್ಷ ಬೇಕು."

"ನಿನ್ನ ಟೋಪಿ ಮೇಲೆ ಒಂದೇ ಚಳಿಗಾಲಕ್ಕೆ ಬಂತಲ್ಲ, ಮಾರಾಯ."

ಸೋಮವಾರ ಅವಳು ಏಣಿಯೇರಿ ಮೂರು ಬಟ್ಟಲು ಮೊಸರು ಬಳಿದಳು. ಮಂಗಳವಾರ ಗೋಪುರದ ಕಾಗೆಗಳು ಬಳಗ ಸಮೇತ ಬಂದವು. ತಿಂದವು, ಜಗಳವಾಡಿದವು, ಉಂಡ ಮನೆಗೆ ತಮ್ಮ ಕಾಣಿಕೆಯನ್ನೂ ಬಿಟ್ಟು ಹೋದವು. ಡಾರ್ಕಸ್ ನಕ್ಕು ನಕ್ಕು ಏಣಿಯಿಂದ ಬೀಳುವುದರಲ್ಲಿದ್ದಳು. ಬುಧವಾರ ಇನ್ನಷ್ಟು ಮೊಸರು, ಇನ್ನಷ್ಟು ಕಾಗೆ. ನಡುವೆ ತುಂತುರು ಮಳೆ. ಗುರುವಾರ ಸಂಜೆಗೆ ಗುಂಡು ಹಸಿರೂ ಅಲ್ಲದ, ಬೂದೂ ಅಲ್ಲದ ಬಣ್ಣಕ್ಕೆ ತಿರುಗಿತ್ತು.

"ಥೂ, ಅಸಹ್ಯ," ಎಂದ ಎನೋಕ್.

"ಬಲಗಂಬದ ಆ ಮುದುಕನೂ ಹೀಗೇ ತಾನೇ ಮುದುಕ ಆಗಿದ್ದು?"

ಶುಕ್ರವಾರ ಬಂದ ಅಧಿಕಾರಿ ಮಿಸೆಸ್ ಪೆಲ್ಲೋ, ಮೇಲೆ ಕಾಗೆಗಳು ಹಾರಾಡುತ್ತಿದ್ದುದರಿಂದ, ಛತ್ರಿ ಬಿಚ್ಚಿ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಹೊಸದು ಯಾವುದು?"

ಎನೋಕ್ ಬಾಯಿ ತೆರೆದ. ಡಾರ್ಕಸ್ ಅವನ ಕಾಲು ತುಳಿದಳು. "ನೀವೇ ಹೇಳಿ ಮೇಡಂ."

"ಬಲಗಡೇದು. ಅಷ್ಟು ದುಂಡಗೆ ಬಂದಿಲ್ಲ ನೋಡಿ, ಸ್ವಲ್ಪ ಸೊಟ್ಟ. ಇರಲಿ ಬಿಡಿ, ಎರಡೂ ಇರಲಿ." ಬರೆದುಕೊಂಡು, ಛತ್ರಿ ಕೊಡವಿ, ಹೊರಟುಹೋದರು.

"ಚರ್ಚಿನ ಬಾಗಿಲಲ್ಲಿ ಸುಳ್ಳು," ಎಂದ ಎನೋಕ್, ಕಾಲು ಉಜ್ಜಿಕೊಳ್ಳುತ್ತ.

"ನಾನೆಲ್ಲಿ ಏನಂದೆ?" ಡಾರ್ಕಸ್ ಬಲಗಂಬವನ್ನು ಬಹಳ ಹೊತ್ತು, ಕನಿಕರದಿಂದ, ನೋಡಿದಳು. ಆಮೇಲೆ ಏಣಿಯನ್ನು ಹೆಗಲಿಗೇರಿಸಿದಳು. "ಪಾಪ, ಅದನ್ನ ಕೆತ್ತಿದ ಆ ಮಹಾರಾಯನಿಗೂ ಯಾರಾದ್ರೂ ಒಬ್ಬಳು ಹುಡುಗಿ ಪಕ್ಕದಲ್ಲಿ ನಿಂತು ಕಲಿಸಿದ್ದಿದ್ರೆ," ಎನ್ನುತ್ತ ಒಮ್ಮೆ ಸೀನಿ, ನಡೆದೇಬಿಟ್ಟಳು, "ಅಪ್ಪನೂ ಆವಾಗ ದುಂಡಗಿನ ಕೆಲಸ ಹುಡುಗಿಯರ ಕೈಗೆ ಬಗ್ಗದು ಅಂತಿರಲಿಲ್ಲ."